ಅತ್ತೆಯವರ ಗರುಗದ ರಸ

ಕಾನ್ವೆಂಟಿನ ನನ್ನ ಮುದ್ದು ಗೆಳತಿಯರೇ, ನನ್ನ ತಲೆಯಲ್ಲಿ ಮತ್ತೆ ಕೂದಲು ಹುಟ್ಟುತ್ತಿದೆ, ಹುರ್ರೇ! ಮದುವೆಯಾದ ತಿಂಗಳಿಗೇ ಮಲೇರಿಯಾ ಬಂದು ಎಲ್ಲ ಹಿಡಿ ಹಿಡಿಯಾಗಿ ಉದುರಿತ್ತಲ್ಲ. "ಜ್ವರಕ್ಕೆ ಉದುರಿದ್ದು ತಂತಾನೇ ಬರತ್ತೆ" ಎಂದಿದ್ದರು ಮೂಡಿಗೆರೆಯ ಡಾಕ್ಟರು. ಅತ್ತೆ ಮಾತ್ರ ಕೂದಲು ಬರಲೆಂದು ದಿನಾ ಬೆಳಿಗ್ಗೆ ಒಂದು ಲೋಟ ಗರುಗದ ಸೊಪ್ಪಿನ ರಸ ಕೊಡುತ್ತಿದ್ದರು. ಕ್ವಿನೈನಿಗಿಂತ ಕಹಿ! ನಾನು ಅದನ್ನು ಕದ್ದು ಹಿತ್ತಿಲ ಗುಲಾಬಿ ಗಿಡಕ್ಕೆ ಸುರಿಯುತ್ತಿದ್ದೆ.

ಇವತ್ತು ನನ್ನ ತಲೆ ಬಾಚುವಾಗ ಅತ್ತೆಗೆ ಹೊಸ ಕೂದಲು ಕಂಡಿತು. "ಇವ್ರೇ, ಬಂದು ನೋಡಿ, ನನ್ನ ಗರುಗದ ಗುಣ! ನಾಳೆಯಿಂದ ನಿಮ್ಗೂ ಒಂದ್ ಲೋಟ" ಎಂದು ಬೋಳುತಲೆಯ ಮಾವನವರನ್ನು ಕರೆದರು. ನಿಜ ಹೇಳಿಬಿಡೋಣವೆಂದು ತಿರುಗಿದರೆ ಅತ್ತೆಯ ಕಣ್ಣಲ್ಲಿ ಸಂತೋಷದ ನೀರು. ಮತ್ತೆ ಬಾಚಣಿಗೆಗೆ ತಲೆಯೊಡ್ಡಿ ಕೂತೆ.

ಅವರು ಒಳಗೆ ಹೋದ ಮೇಲೆ ಮಾವ ಮೆಲ್ಲಗೆ ಕೇಳಿದರು: "ಆ ಗುಲಾಬಿ ದಿನಾ ಎರಡ್ ಲೋಟ ತಡ್ಕೊಳ್ಳತ್ತೇನಮ್ಮಾ?"