ಬೈರಮ್ಮನ ಫೋನಿಗೆ ಬಂದ ಅನುಮಾನ

ಸುಗಟೂರಿನಲ್ಲಿ ಬೈರಮ್ಮನಿಗೆ ಟೋಪಿ ಹಾಕಿದವರು ಯಾರೂ ಇಲ್ಲ. ಡೇರಿಯಲ್ಲಿ ಹಾಲು ಅಳೆಯುವಾಗ ಅವಳ ಕಣ್ಣು ಕ್ಯಾನಿನ ಮೇಲಲ್ಲ, ಅಳೆಯುವವನ ಕೈಯ ಮೇಲಿರುತ್ತಿತ್ತು. ಕೋಲಾರದ ಬಸ್ಸಿನಲ್ಲಿ ಪಕ್ಕದವರು ಸುಮ್ಮನೆ ನಕ್ಕರೂ ಬ್ಯಾಗನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಳ್ಳುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ, ಮಗಳು ರಂಜಿತ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ್ದಳು. ಅನುಮಾನ ಪಡದೆ ಇದ್ದಿದ್ದರೆ ಮೈದುನಂದಿರು ತೋಟವನ್ನು ಎಂದೋ ನುಂಗಿ ನೀರು ಕುಡಿಯುತ್ತಿದ್ದರು. ಹಾಗಾಗಿ ಅವಳ ಅನುಮಾನವನ್ನು ಬರೀ ಕೆಟ್ಟ ಬುದ್ಧಿ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಒಳ್ಳೆಯದೆಲ್ಲ ಮೊದಲು ಹೋದವರ ಪಾಲು ಅನ್ನುವುದು ಅವಳ ಇನ್ನೊಂದು ನಂಬಿಕೆ. ಚಾಕಿ ಕೇಂದ್ರದಲ್ಲಿ ಎಳೆ ಹುಳ ಕೊಡುವ ದಿನ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಲ್ಲುತ್ತಿದ್ದಳು. ತಡವಾಗಿ ಹೋದವರಿಗೆ ತಟ್ಟೆಯಲ್ಲಿ ಉಳಿದ ಸೊರಗಲು ಹುಳಗಳನ್ನು ಅಂಟಿಸುತ್ತಾರಂತೆ. ಒಂದು ದಿನ ಫೋನು, ತನ್ನನ್ನು ನಡೆಸುವ ಹೊಸ ಸಾಫ್ಟ್‌ವೇರ್ ವ್ಯವಸ್ಥೆ ಎಲ್ಲರಿಗೂ ಬರುವ ಮುಂಚೆ ನೀವು ಬಳಸಿ ನೋಡುತ್ತೀರಾ ಅಂತ ಕೇಳಿತು. ಕೋಲಾರದಲ್ಲಿ ಡಿಗ್ರಿ ಓದುತ್ತಿದ್ದ ರಂಜಿತ ಅದನ್ನು ಓದಿ ಹೇಳಿ, ಇದು ಪ್ರಿವ್ಯೂ ಅಮ್ಮ, ಇನ್ನೂ ಅರ್ಧ ಬೆಂದದ್ದು, ಬೇಡ ಅಂದಳು. ಮಗಳು ಬೇಡ ಅಂದಿದ್ದೇ ತಾಯಿಗೆ ಸಂಶಯಕ್ಕೆ ಸಾಕಾಯಿತು.

"ಬೆಂಗಳೂರಿನೋರಿಗೆಲ್ಲ ಕೊಟ್ಟು ಮಿಕ್ಕಿದ್ದು ನಮಗೆ ಬಡಿಸ್ತಾರೆ. ಒತ್ತು ಕಣೇ," ಅಂದಳು ಬೈರಮ್ಮ.

ರಂಜಿತ ಒತ್ತಿದಳು. ಮಾರನೆಯ ದಿನದಿಂದಲೇ ಶನಿಕಾಟ ಶುರುವಾಯಿತು. ಫೋನು ಬಿಸಿಯಾದರೆ ಸೆರಗಿನಲ್ಲಿ ಹಿಡಿಯಬೇಕು. ಬೆಳಿಗ್ಗೆ ತುಂಬಿಸಿದ ಬ್ಯಾಟರಿ ಮಧ್ಯಾಹ್ನ ಊಟದ ಹೊತ್ತಿಗೆ ಪ್ರಾಣ ಬಿಡುತ್ತಿತ್ತು. ಟಾರ್ಚಿನ ಗುಂಡಿ ಇದ್ದ ಜಾಗದಲ್ಲಿ ಇನ್ನೇನೋ ಕೂತಿತ್ತು, ಕನ್ನಡದ ಅಕ್ಷರಗಳು ಕೆಲವು ಕಡೆ ಖಾಲಿ ಚೌಕಗಳಾಗಿದ್ದವು. ಇದೆಲ್ಲ ಹೇಗೋ ಸಹಿಸಬಹುದಿತ್ತು. ಪರದೆಯ ಮೂಲೆಯಲ್ಲಿ ಹೇಳದೆ ಕೇಳದೆ ಹೊತ್ತಿಕೊಳ್ಳುವ ಹಸಿರು ಚುಕ್ಕೆ ಮಾತ್ರ ಅವಳ ನಿದ್ದೆ ಕೆಡಿಸಿತು. ಕ್ಯಾಮೆರಾ ತಾನಾಗೇ ಆನ್ ಆಗುತ್ತಿದೆ, ಹೊಸದರಲ್ಲಿ ಏನೋ ತಪ್ಪಿರಬೇಕು ಅಂತ ರಂಜಿತ ವಿವರಿಸಿದಳು.

ತಪ್ಪು ಅಂದರೆ ಬೈರಮ್ಮ ನಂಬುತ್ತಾಳೆಯೇ? ಹುಳದ ಮನೆಯೆಂದರೆ ಬಾಣಂತಿ ಕೋಣೆಯಿದ್ದ ಹಾಗೆ. ಬ್ಲೀಚಿಂಗ್ ನೀರಿನಲ್ಲಿ ಕಾಲು ತೊಳೆಯದೆ ಅಲ್ಲಿಗೆ ಯಾರೂ ಕಾಲಿಡುವಂತಿಲ್ಲ. ಹೊರಗಿನವರ ರೋಗವೂ ಬೇಡ, ದೃಷ್ಟಿಯೂ ಬೇಡ. ಹಾಗಿರುವಾಗ ಯಾವನೋ ಕಾಣದ ಊರಿನಲ್ಲಿ ಕೂತು ತನ್ನ ಹುಳಗಳನ್ನು ನೋಡುತ್ತಿದ್ದಾನೆ ಅನ್ನಿಸಿತು. ಅವತ್ತಿನಿಂದ ಫೋನಿಗೆ ಹುಳದ ಮನೆಯೊಳಗೆ ಪ್ರವೇಶವಿಲ್ಲ. ಅದನ್ನು ಹೊರಗಿನ ಕಿಟಕಿಯ ಮೇಲೆ ಇಡುತ್ತಿದ್ದಳು, ಬ್ಲೀಚಿಂಗ್ ನೀರಿನ ಬಟ್ಟೆಯಲ್ಲಿ ಒರೆಸದೆ ಮುಟ್ಟುತ್ತಿರಲಿಲ್ಲ. ಹಳೆಯ ವ್ಯವಸ್ಥೆಗೆ ವಾಪಸ್ ಹೋಗಬಹುದು, ಆದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಅಂದಳು ರಂಜಿತ. ಇಲ್ಲಿ ಅಳಿಸಿ ಅಲ್ಲಿ ಅವರು ಇಟ್ಟುಕೊಳ್ಳುವುದಿಲ್ಲ ಅಂತ ಏನು ಗ್ಯಾರಂಟಿ ಅಂತ ಕೇಳಿ ಬೈರಮ್ಮ ಅದಕ್ಕೂ ಒಪ್ಪಲಿಲ್ಲ.

ಇಷ್ಟೆಲ್ಲ ಅನುಮಾನದ ನಡುವೆ ಬೈರಮ್ಮ ಕಣ್ಣುಮುಚ್ಚಿ ನಂಬಿದ್ದ ಒಂದೇ ಜೀವ ಗಂಗಾಲಕ್ಷ್ಮಿ. ಯಲ್ದೂರಿನ ಕಡೆಯ ಹೆಣ್ಣು, ಕೆರೆಯ ಆಚೆ ದಡದ ತೋಟದ ಮನೆಗೆ ಸೊಸೆಯಾಗಿ ಬಂದವಳು. ಅವಳೂ ಹುಳ ಸಾಕುತ್ತಿದ್ದಳು. ಹುಳ ಹಣ್ಣಾದ ದಿನ, ಅಂದರೆ ಮೇಯುವುದು ಬಿಟ್ಟು ಮೈ ಹೊಳಪಾಗಿ ತಲೆ ಎತ್ತಿದ ದಿನ, ಒಂದೊಂದನ್ನೂ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿ, ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಡ್ಡಿಯಲ್ಲೇ ಗೂಡು ಕಟ್ಟಿ ಬೆಳೆ ಹಾಳಾಗುತ್ತದೆ. ಆ ಕೆಲಸಕ್ಕೆ ಇವರಿಬ್ಬರದ್ದು ಮುಯ್ಯಿ: ಇವಳ ಹುಳಕ್ಕೆ ಅವಳು ಬರಬೇಕು, ಅವಳ ಹುಳಕ್ಕೆ ಇವಳು ಹೋಗಬೇಕು, ಕೂಲಿ ಗೀಲಿ ಇಲ್ಲ. ಕರೆಯುವುದಕ್ಕೂ ಮಾತು ಬೇಕಿರಲಿಲ್ಲ. ಬೆಳಗಿನ ಜಾವ ಒಂದೇ ಒಂದು ರಿಂಗ್ ಕೊಟ್ಟು ಕತ್ತರಿಸಿದರೆ ಸಾಕು, ಆಚೆಯವಳು ಸೆರಗು ಸಿಕ್ಕಿಸಿಕೊಂಡು ಹೊರಡುತ್ತಿದ್ದಳು.

ಈ ಸಲ ಗಂಗಾಲಕ್ಷ್ಮಿಯ ಹುಳ ಮುಂದಿದ್ದವು. ಬೈರಮ್ಮ ದಿನವೂ ರಿಂಗಿಗೆ ಕಾಯುತ್ತಿದ್ದಳು. ಒಂದು ಸಂಜೆ ಡೇರಿಯಲ್ಲಿ ಹಾಲು ಅಳೆಯುವ ಆವಲಪ್ಪ ಮಾತಿಗೆ ಮಾತು ಬಂದು, ಗಂಗಾಲಕ್ಷ್ಮಿಯ ಹುಳ ಬೆಳಿಗ್ಗೆಯೇ ಹಣ್ಣಾದವಂತೆ, ನೀನು ಹೋಗಲಿಲ್ಲವಾ ಅಂತ ಕೇಳಿದ. ಬೈರಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ದಾರಿಯುದ್ದಕ್ಕೂ ಅವಳ ತಲೆ ತನಗೆ ಬರುವ ಕೆಲಸವನ್ನೇ ಮಾಡಿತು. ನನ್ನನ್ನು ಕರೆಯಲಿಲ್ಲ ಯಾಕೆ? ಗಂಡ ಸತ್ತವಳ ಕಣ್ಣು ಬೀಳುವುದು ಬೇಡ ಅಂತ ತಾನೆ? ಗಂಗಾಲಕ್ಷ್ಮಿಯ ಅತ್ತೆ ಅಶ್ವತ್ಥಮ್ಮ ಹಿಂದೆ ಒಮ್ಮೆ ಬಾಗಿಲಲ್ಲಿ ಇವಳನ್ನು ಕಂಡು ತಟಕ್ಕನೆ ಒಳಗೆ ಹೋಗಿದ್ದು ನೆನಪಾಯಿತು. ಮನೆ ತಲುಪುವ ಹೊತ್ತಿಗೆ ಇಲ್ಲದ್ದಕ್ಕೆಲ್ಲ ಕೈಕಾಲು ಮೂಡಿ, ಅನುಮಾನ ಖಾತ್ರಿಯಾಗಿಬಿಟ್ಟಿತ್ತು. ಹೋಗಿ ಕೇಳೋಣ ಅಂತ ಅವಳಿಗೆ ಒಮ್ಮೆಯೂ ತೋಚಲಿಲ್ಲ. ಆಮೇಲೆ ಸಂತೆಯಲ್ಲಿ ಗಂಗಾಲಕ್ಷ್ಮಿ ಎದುರಾದಾಗ ಇಬ್ಬರೂ ಮುಖ ತಿರುಗಿಸಿದರು.

ಬೈರಮ್ಮನ ಹುಳ ಹಣ್ಣಾದ ಬೆಳಿಗ್ಗೆ ತಾಯಿ ಮಗಳು ಇಬ್ಬರೇ. ಗಂಗಾಲಕ್ಷ್ಮಿಗೆ ರಿಂಗ್ ಕೊಡಲು ಸ್ವಾಭಿಮಾನ ಬಿಡಲಿಲ್ಲ. ಕೂಲಿಯವರನ್ನಾದರೂ ಕರೆಯೋಣ ಅಂತ ರಂಜಿತ ಕಿಟಕಿಯ ಮೇಲಿದ್ದ ಫೋನು ತೆಗೆದುಕೊಂಡಳು. ನಂಬರುಗಳ ಜಾಗ ಬದಲಾಗಿತ್ತು. ಹುಡುಕುತ್ತಾ ಹೋದವಳು ಯಾವುದೋ ಮೂಲೆಯಲ್ಲಿದ್ದ ಪುಟವೊಂದನ್ನು ತೆರೆದು ಅಮ್ಮನನ್ನು ಕೂಗಿದಳು. ಆ ಪುಟದ ಹೆಸರು ಅನುಮಾನಾಸ್ಪದ ಕರೆಗಳು. ಒಂದೇ ರಿಂಗಿಗೆ ಪದೇ ಪದೇ ಕತ್ತರಿಸುವವರು ಮೋಸಗಾರರು ಅಂತ ಹೊಸ ವ್ಯವಸ್ಥೆ ತಾನೇ ತೀರ್ಮಾನಿಸಿ, ಅಂಥ ಕರೆಗಳನ್ನು ಸದ್ದು ಕೇಳದಂತೆ ಬಾಯಿ ಕಟ್ಟಿ ಇಲ್ಲಿ ಕೂರಿಸಿತ್ತು. ಪುಟದ ತುಂಬ ಗಂಗಾಲಕ್ಷ್ಮಿಯ ಹೆಸರು. ಎಲ್ಲ ಕರೆಗಳೂ ಅವಳ ಹುಳ ಹಣ್ಣಾದ ಆ ಒಂದೇ ಬೆಳಗಿನವು.

ಬೈರಮ್ಮ ಕೈಯಲ್ಲಿದ್ದ ಹುಳಗಳನ್ನು ಚಂದ್ರಿಕೆಗೆ ಬಿಟ್ಟು, ಫೋನು ಕಿತ್ತುಕೊಂಡು ಕೆರೆಯ ಏರಿಯ ಮೇಲೆ ಓಡಿದಳು. ಹಣ್ಣಾದ ಹುಳ ಬಿಟ್ಟು ಹೊರಗೆ ಕಾಲಿಟ್ಟಿದ್ದು ಅವಳ ಜನ್ಮದಲ್ಲೇ ಅದೇ ಮೊದಲು. ಗಂಗಾಲಕ್ಷ್ಮಿ ಅಂಗಳದಲ್ಲಿ ಹಾಳಾದ ಗೂಡುಗಳನ್ನು ಕಡ್ಡಿಯಿಂದ ಬಿಡಿಸುತ್ತಿದ್ದಳು. ಬೆಳೆಯ ಅರ್ಧಕ್ಕಿಂತ ಹೆಚ್ಚು ಅಲ್ಲೇ ರಾಶಿ ಬಿದ್ದಿತ್ತು. ಬೈರಮ್ಮ ಏದುಸಿರಿನಲ್ಲೇ ಎಲ್ಲ ಹೇಳಿ ಫೋನು ಮುಂದೆ ಹಿಡಿದಳು. ಅದು ಅದೇ ಹೊತ್ತಿಗೆ ಸರಿಯಾಗಿ ಕಪ್ಪಾಗಿ ತಾನಾಗೇ ಮತ್ತೆ ಶುರುವಾಗತೊಡಗಿತು.

ಗಂಗಾಲಕ್ಷ್ಮಿ ಫೋನಿನ ಕಡೆ ನೋಡಲೂ ಇಲ್ಲ. ಇಬ್ಬರೂ ಸೇರಿದರೆ ತೆಲುಗಿನಲ್ಲೇ ಹರಟುವವರು. ಅವತ್ತು ಅವಳು ಕನ್ನಡದಲ್ಲಿ ಮಾತಾಡಿದಳು, ಕಛೇರಿಯಿಂದ ಬಂದವರ ಜೊತೆ ಮಾತಾಡುವ ಹಾಗೆ.

"ಫೋನು ಹೇಳ್ಲಿಲ್ಲ, ಸರಿ. ಸಾಯಂಕಾಲ ಡೇರೀಲಿ ನಿಂಗೆ ಹೇಳ್ದೆ ಅಂತ ಆವಲಪ್ಪನೇ ನಂಗಂದ. ಆಗ್ಲಾದ್ರೂ ಬಂದಿದ್ರೆ ಅರ್ಧ ಹುಳ ಉಳೀತಿದ್ವು. ಯಾಕೆ ಬರ್ಲಿಲ್ಲ?"

ಸುಳ್ಳು ಹೇಳಬಹುದಿತ್ತು. ಬೈರಮ್ಮ ಹೇಳಲಿಲ್ಲ. "ಗಂಡ ಇಲ್ದೋಳ ಕಣ್ಣು ಬೇಡ ಅಂತ ನೀನೇ ಕರೀಲಿಲ್ಲ ಅಂದ್ಕೊಂಡೆ," ಅಂದಳು.

ಗಂಗಾಲಕ್ಷ್ಮಿ ಕೈಯಲ್ಲಿದ್ದ ಗೂಡನ್ನು ಬಿಡಿಸಿ ರಾಶಿಗೆ ಹಾಕಿದಳು. ಆಮೇಲೆ ಎದ್ದು ಸೆರಗು ಸಿಕ್ಕಿಸಿ ಏರಿಯ ಕಡೆ ನಡೆದಳು. ಬೈರಮ್ಮ ಹಿಂದೆ ಹಿಂದೆಯೇ ಓಡಿದಳು, ಕ್ಷಮಿಸಿದಳು ಅಂತ ಅವಳ ಎದೆ ಹಗುರವಾಯಿತು. ಗಂಗಾಲಕ್ಷ್ಮಿ ಕಾಲು ತೊಳೆದು ಬೈರಮ್ಮನ ಹುಳದ ಮನೆಯೊಳಗೆ ಹೋದಳು. ಹೊತ್ತು ಇಳಿಯುವವರೆಗೆ ತಲೆ ಎತ್ತದೆ ಹುಳ ಆರಿಸಿದಳು. ಒಂದು ಹುಳವೂ ಕಡ್ಡಿಯ ಮೇಲೆ ಉಳಿಯಲಿಲ್ಲ. ರಂಜಿತ ಮುದ್ದೆ ಸಾರು ಬಡಿಸಿ ತಟ್ಟೆ ಮುಂದಿಟ್ಟರೆ ಅದನ್ನು ಮುಟ್ಟದೆ ಕೈ ತೊಳೆದುಕೊಂಡು ಹೊರಟುಬಿಟ್ಟಳು.

ಬೈರಮ್ಮ ಬಾಗಿಲಿಗೆ ಅಡ್ಡ ಬಂದು, ಮುಂದಿನ ಬೆಳೆಗೆ ನಾನು ಕೋಳಿ ಕೂಗುವ ಮುಂಚೆಯೇ ಬರುತ್ತೇನೆ, ನೀನು ರಿಂಗ್ ಕೊಡುವುದೂ ಬೇಡ ಅಂದಳು.

"ಇದು ಮುಯ್ಯಿ ಅಲ್ಲ ಬೈರಮ್ಮ. ಹುಳ ಸಾಯ್ಬಾರ್ದು ಅಂತ ಬಂದೆ. ನೀನು ಬರೋದು ಬೇಡ," ಅಂದಳು ಗಂಗಾಲಕ್ಷ್ಮಿ.

ಅವಳು ಏರಿ ಹತ್ತಿ ಆಚೆ ಇಳಿಯುವವರೆಗೂ ಬೈರಮ್ಮ ಬಾಗಿಲಲ್ಲೇ ನಿಂತಿದ್ದಳು. ಆ ಮಾತಿನಲ್ಲಿ ಏನಾದರೂ ಮೋಸವಿದೆಯೋ ಅಂತ ಮನಸ್ಸಿನಲ್ಲೇ ತಿರುವಿ ತಿರುವಿ ನೋಡಿದಳು. ಇರಲಿಲ್ಲ.