ಶ್ರೀ ಎಂಬ ಫೋಲ್ಡರ್

ಹೊಸಬರಿಗೆ ಪ್ರೋಗ್ರಾಮಿಂಗ್ ಹೇಳಿಕೊಡಿ ಎಂದು ಪುಣೆಯ ನಮ್ಮ ಕನ್ನಡ ಸಂಘದವರು ಗಂಟುಬಿದ್ದಾಗ ನಾನು ಒಂದು ಷರತ್ತು ಹಾಕಿದೆ. ಭಾನುವಾರದ ತರಗತಿಗೆ ಶನಿವಾರವೇ ಎಲ್ಲರೂ ಲ್ಯಾಪ್‌ಟಾಪ್ ತಂದು ಸಜ್ಜು ಮಾಡಿಕೊಳ್ಳಬೇಕು. ಸಂಜೆ ನಾಲ್ಕಕ್ಕೆ ಸಜ್ಜಾಗದಿದ್ದವರ ಜಾಗ ಕಾಯುತ್ತಿರುವವರಿಗೆ. ಇನ್‌ಸ್ಟಾಲ್ ಮಾಡುವುದರಲ್ಲೇ ಅರ್ಧ ದಿನ ಕಳೆದ ತರಗತಿಗಳನ್ನು ಬೇಕಾದಷ್ಟು ನೋಡಿದ್ದೆ. ಮಗರಪಟ್ಟಾದ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಕೂತು ಒಂದು ಸ್ಕ್ರಿಪ್ಟ್ ಬರೆದಿದ್ದೆ. ಫೋಲ್ಡರ್ ಮಾಡಿ, ಇಷ್ಟವಾದ ಹೆಸರಿಟ್ಟು, ಅದರೊಳಗೆ ಈ ಸ್ಕ್ರಿಪ್ಟ್ ಹಾಕಿ ಒತ್ತಿದರೆ ಮುಗಿಯಿತು. ಬೇಕಾದದ್ದೆಲ್ಲ ತಾನೇ ಬಂದು ಕೂರುತ್ತಿತ್ತು. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಕುರಕುಂಭದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತೆಯಾಗಿದ್ದ ಹೆಂಗಸೊಬ್ಬರು ಬೆಳಗಿನ ಗಾಡಿಗೇ ಬಂದಿದ್ದರು. ವಿಜಯಪುರದ ಕಡೆಯ ಬಟ್ಟೆ ವ್ಯಾಪಾರಿಗಳ ಮನೆಯವರು. ಈ ತರಗತಿಯ ಸರ್ಟಿಫಿಕೇಟ್ ತಂದರೆ ಕಂಪ್ಯೂಟರ್ ವಿಭಾಗಕ್ಕೆ ಹಾಕುತ್ತೇನೆಂದು ಅವರ ಸಾಹೇಬರು ಮಾತು ಕೊಟ್ಟಿದ್ದರಂತೆ. ಅದನ್ನು ನನಗೆ ಎರಡು ಸಲ ಹೇಳಿದರು.

ಹನ್ನೊಂದು ಜನರದ್ದು ಸರಾಗವಾಗಿ ಆಯಿತು. ಅವರದ್ದು ಆಗಲಿಲ್ಲ.

"ಸರ್, ಮತ್ತ ಕೆಂಪ ಅಕ್ಷರ ಬಂದಾವ್ರಿ."

ಬಗ್ಗಿ ನೋಡಿದೆ. ಸಾಲಿನ ನಡುವೆ ಬರೀ ಪ್ರಶ್ನೆ ಚಿಹ್ನೆಗಳು. ಮೂರು ಸಲ ಸ್ಕ್ರಿಪ್ಟ್ ಅಳಿಸಿ ಮತ್ತೆ ಹಾಕಿಸಿದೆ. ಮೂರು ಸಲವೂ ಅದೇ.

"ಲ್ಯಾಪ್‌ಟಾಪ್ ಹಳೇದು ಮೇಡಂ, ಡಿಸ್ಕ್ ಕೆಟ್ಟಿರಬೇಕು," ಎಂದೆ.

"ಹಳೇದು ಖರೆ ರೀ. ಆದ್ರ ಇನ್ನೂತನಾ ಕೈ ಕೊಟ್ಟಿಲ್ರಿ."

ನಾಲ್ಕಾಯಿತು. ನಿಯಮ ಹೇಳಿದೆ. ಅವರು ಚಾರ್ಜರಿನ ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡು, "ಬರ್ತೀನ್ರಿ," ಎಂದು ಹೋದರು. ಅವರ ಜಾಗಕ್ಕೆ ಬೇರೊಬ್ಬರನ್ನು ಫೋನಿನಲ್ಲಿ ಕರೆದೆ.

ಕುರ್ಚಿ ಸರಿಸುವಾಗ ಆ ಪ್ರಶ್ನೆ ಚಿಹ್ನೆಗಳು ನೆನಪಾದವು. ಅವು ಇದ್ದದ್ದು ಫೋಲ್ಡರಿನ ಹೆಸರು ಇರಬೇಕಾದ ಜಾಗದಲ್ಲಿ. ಅವರ ಫೋಲ್ಡರಿನ ಹೆಸರನ್ನು ನಾನು ಕಣ್ಣಾರೆ ಕಂಡಿದ್ದೆ: ಕನ್ನಡ ಅಕ್ಷರದಲ್ಲಿ ಶ್ರೀ. ಉಳಿದವರೆಲ್ಲ ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದರು. ನನ್ನ ಲ್ಯಾಪ್‌ಟಾಪಿನಲ್ಲೂ ಶ್ರೀ ಎಂದು ಫೋಲ್ಡರ್ ಮಾಡಿ ಒತ್ತಿದೆ. ಅದೇ ಕೆಂಪಕ್ಷರ. ಕನ್ನಡದವರಿಗೆಂದೇ ಬರೆದ ಸ್ಕ್ರಿಪ್ಟು ಕನ್ನಡದ ಒಂದು ಹೆಸರು ಕಂಡು ಮುಗ್ಗರಿಸುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಡಿಸ್ಕ್ ಕೆಟ್ಟಿದೆ ಅಂದಿದ್ದೆ. ನಾಚಿಕೆಯಾಯಿತು.

ಅವರಿಗೆ ಫೋನ್ ಮಾಡಿದೆ. ಗಾಡಿಯ ಸದ್ದು ಕೇಳುತ್ತಿತ್ತು.

"ಫೋಲ್ಡರಿಗೆ ಶ್ರೀ ಅಂತ ಇಟ್ಟಿದ್ರಲ್ಲ, ಅದಕ್ಕೇ ನಿಂತಿದ್ದು," ಎಂದೆ.

"ನಮ್ಮ ಮನ್ಯಾಗ ಏನ ಬರಿಯೂದಿದ್ರೂ ಮದಲ ಶ್ರೀ ಬರೀತೀವ್ರಿ. ತಪ್ಪಾತೇನ್ರಿ?"

"ತಪ್ಪು ನನ್ನದು. ಈಗಲೇ ಸರಿ ಮಾಡ್ತೀನಿ. ನಾಳೆ ಬನ್ನಿ, ಇನ್ನೊಂದು ಕುರ್ಚಿ ಹಾಕಿಸ್ತೀನಿ."



"ನಾಳಿ ಆಗೂದಿಲ್ರಿ ಸರ್. ನೀವು ಜಾಗಾ ಇಲ್ಲ ಅಂದ್ರಲ್ಲ, ರಜಾ ಯಾಕ ಹಾಳ ಮಾಡೂದಂತ ಡ್ಯೂಟಿಗೆ ಬರ್ತೀನಿ ಅಂತ ಸಾಹೇಬ್ರಿಗೆ ಹೇಳಿಬಿಟ್ಟೀನ್ರಿ."

ಸ್ಕ್ರಿಪ್ಟ್ ತಿದ್ದಲು ಹತ್ತು ನಿಮಿಷ ಸಾಕಾಯಿತು. ಭಾನುವಾರದ ತರಗತಿ ಚೆನ್ನಾಗಿಯೇ ನಡೆಯಿತು. ಈಗ ಯಾವ ತರಗತಿಗೆ ಮುಂಚೆಯೂ ಮೊದಲು ಶ್ರೀ ಎಂಬ ಫೋಲ್ಡರ್ ಮಾಡಿ ಪರೀಕ್ಷಿಸುತ್ತೇನೆ.

ಎರಡು ತಿಂಗಳ ಮೇಲೆ ಮುಂದಿನ ತರಗತಿಗೆ ಅವರನ್ನು ಕರೆದೆ.

"ಈಗ್ಯಾಕ್ರಿ ಸರ್, ಆ ಕಂಪ್ಯೂಟರ್ ಕೆಲಸ ಬ್ಯಾರೇದವರಿಗೆ ಕೊಟ್ರು," ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.