ನಿಂತು ಕೊಟ್ಟ ಅಳತೆ

ನಾಲ್ಕು ದಿನ ಸೈಕಲ್ ತುಳಿಯೋಕೆ ಹೋಗ್ತೀನಿ ಅಂತ ನನ್ನ ಸೊಸೆ ಹೇಳಿದಾಗ ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. ನಗದೆ ಇನ್ನೇನು ಮಾಡಲಿ? ವಯಸ್ಸು ನಲವತ್ತಾರು. ಬೆಳಗಿಂದ ಸಂಜೆವರೆಗೆ ಹೊಲಿಗೆ ಮಷೀನಿನ ಮುಂದೆ ಕೂರೋ ಜೀವ. ಅವಳ ಸೈಕಲ್ ಸವಾರಿ ಅಂದ್ರೆ, ಹೊಲಿದ ಬಟ್ಟೆನ ಮುಂದಿನ ಬುಟ್ಟಿಯಲ್ಲಿ ಹಾಕ್ಕೊಂಡು ನಾಲ್ಕು ಬೀದಿ ಸುತ್ತಿ ಗಿರಾಕಿಗಳಿಗೆ ಕೊಟ್ಟು ಬರೋದು, ಅಷ್ಟೇ.

"ಮುನ್ನೂರು ಕಿಲೋಮೀಟರ್ ಕಣೇ! ದಾರದ ಉಂಡೆ ತರೋಕೆ ಹೋದ್ರೇ ಏದುಸಿರು ಬಿಡ್ತಾ ಬರ್ತೀಯ," ಅಂದೆ.

"ಹೂಂ," ಅಂದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದಳು. ಅವಳ ಬಾಯಲ್ಲಿ ಪಿನ್ನಿರುವಾಗ ಜಗಳ ಆಡಬಾರದು, ಆಡಿದರೆ ಸೋಲು ನನಗೇ.

ನನ್ನ ವಿಷಯ ಎರಡೇ ಮಾತಲ್ಲಿ ಹೇಳಿಬಿಡ್ತೀನಿ. ಸಕ್ಕರೆ ಕಾಯಿಲೆಯಿಂದ ನನ್ನ ಎಡಗಾಲು ಮೊಣಕಾಲಿನ ಕೆಳಗೆ ಹೋಗಿ ಒಂದೂವರೆ ವರ್ಷ ಆಯ್ತು. ಕಾಲು ಹೋಯ್ತು, ಬಾಯಿ ಹೋಗಿಲ್ಲ. ನಮ್ಮ ಮನೆ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ನಾನು ಗಾಲಿಕುರ್ಚಿಯಲ್ಲಿ ಕಿಟಕಿ ಪಕ್ಕ ಕೂತು ಗುಂಡಿ ಹಾಕ್ತೀನಿ, ಕಾಜಾ ಹೊಲಿತೀನಿ, ಬಂದ ಗಿರಾಕಿಗಳನ್ನೆಲ್ಲ ವಿಚಾರಿಸಿಕೊಳ್ತೀನಿ. ಸೊಸೆ ಬರೀ ಜನರ ಬಟ್ಟೆ ಹೊಲಿಯೋದಲ್ಲ. ಕೃತಕ ಕಾಲು ಮಾಡೋ ಒಂದು ಕೇಂದ್ರ ಇದೆ. ಕಾಲಿನ ಒಳಗೆ ಇಡೋ ಮೆತ್ತೆಗಳನ್ನ, ಪಟ್ಟಿಗಳನ್ನ ಆರು ವರ್ಷದಿಂದ ಅವರಿಗೆ ಹೊಲಿದು ಕೊಡ್ತಾಳೆ. ಮಕ್ಕಳು ಬೆಳೀತಾರಲ್ಲ, ವರ್ಷ ವರ್ಷ ಅವರಿಗೆ ಹೊಸ ಕಾಲು ಬೇಕು. ಆ ಮಕ್ಕಳ ಕಾಲಿಗೆ ದುಡ್ಡು ಕೂಡಿಸೋಕೇ ಈ ಸೈಕಲ್ ಯಾತ್ರೆ, ಊರೂರು ಸುತ್ತಿ ಕೊನೆಗೆ ಕೇಂದ್ರದ ಮುಂದೆಯೇ ಮುಗಿಯುತ್ತೆ.

ನನಗೂ ಅಲ್ಲಿ ಒಂದು ಕಾಲು ಮಾಡಿಕೊಟ್ಟಿದ್ದರು. ಮೆತ್ತೆ ಮಾತ್ರ ನಮ್ಮತ್ತೆಗೆ ನಾನೇ ಅಳತೆ ತಗೊಂಡು ಸ್ಪೆಷಲ್ಲಾಗಿ ಹೊಲಿತೀನಿ ಅಂತ ಸೊಸೆ ಮೂರು ದಿನ ಬೇರೆ ಕೆಲಸವೆಲ್ಲ ಬದಿಗಿಟ್ಟು ಹೊಲಿದಳು. ಎಂಟು ದಿನ ಹಾಕಿಕೊಂಡೆ. ಒಂಬತ್ತನೇ ದಿನ ಬಿಚ್ಚಿ ಬೀರುವಿನಲ್ಲಿ ಇಡಿಸಿದೆ. ಮಗ ಬೇಡಿಕೊಂಡ, ಕೇಂದ್ರದ ಡಾಕ್ಟರಮ್ಮ ಮನೆಗೇ ಬಂದು ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಪಕ್ಕದ ಮನೆಯವಳು ಆಡಿಕೊಂಡಳು. ನಾನು ಬೇಡ ಅಂದ್ರೆ ಬೇಡ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನನಗಂತೂ ಒಂದೇ ಸಾಕು ಅಂದೆ.

ಸರಿ, ಆವತ್ತು ಸೊಸೆ ಬಾಯಿಂದ ಪಿನ್ನುಗಳನ್ನ ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ಅತ್ತೆ, ಪಂದ್ಯ ಕಟ್ತೀರಾ? ನಾಲ್ಕು ದಿನವೂ ವ್ಯಾನ್ ಹತ್ತದೆ ನಾನು ತುಳಿದು ಮುಗಿಸಿದ್ರೆ, ನೀವು ಆ ಕಾಲು ಹಾಕ್ಕೊಂಡು ನಿಲ್ಲಬೇಕು."

"ಹತ್ತಿದ್ರೆ?"

"ಹತ್ತಿದ್ರೆ ಜನ್ಮದಲ್ಲಿ ಆ ಕಾಲಿನ ಸುದ್ದಿ ಎತ್ತಲ್ಲ."

ಇದಕ್ಕಿಂತ ಒಳ್ಳೆ ವ್ಯಾಪಾರ ಸಿಗುತ್ತಾ? ಎರಡನೇ ದಿನ ಮಧ್ಯಾಹ್ನದೊಳಗೆ ಇವಳು ವ್ಯಾನಿನಲ್ಲಿ ಗೊರಕೆ ಹೊಡೀತಿರ್ತಾಳೆ ಅಂತ ಲೆಕ್ಕ ಹಾಕಿ ಒಪ್ಪಿಕೊಂಡೆ.

ಆ ವ್ಯಾನ್ ಓಡಿಸೋನು ನನ್ನ ಮಗನೇ. ಶಾಲೆ ಮಕ್ಕಳನ್ನ ಕರ್ಕೊಂಡು ಹೋಗೋ ವ್ಯಾನು ಅವನದು, ರಜೆಯಲ್ಲಿ ಸುಮ್ಮನೆ ನಿಂತಿತ್ತು. ಸಾಮಾನು ಹೊತ್ತುಕೊಂಡು ಎಲ್ಲರ ಹಿಂದೆ ಬರಬೇಕು, ಸುಸ್ತಾದವರನ್ನ ಹತ್ತಿಸಿಕೊಳ್ಳಬೇಕು. ಮನೆಯಲ್ಲಿ ಒಬ್ಬಳೇ ಗೋಡೆ ನೋಡ್ತಾ ಕೂರಲಾ? ನಾನೂ ಬರ್ತೀನಿ ಅಂದೆ. ಕೈಮಷೀನೂ ಬರಲಿ, ಬಾಕಿ ಇರೋ ದಿಂಬಿನ ಚೀಲ ಮುಗಿಸ್ತೀನಿ ಅಂದೆ. ಸೊಸೆ ಕಾಲನ್ನೂ ಬಟ್ಟೆಯಲ್ಲಿ ಸುತ್ತಿ ವ್ಯಾನಿಗೆ ಹಾಕಿದಳು. "ಗೆದ್ದ ಜಾಗದಲ್ಲೇ ವಸೂಲಿ," ಅಂದಳು. ಜಂಬ ನೋಡಿ!

ಹನ್ನೆರಡು ಜನ ಸವಾರರು. ಬೇಕರಿಯವನು, ಬ್ಯಾಂಕ್ ಮ್ಯಾನೇಜರು, ನಿವೃತ್ತ ಲೆಕ್ಕದ ಮೇಷ್ಟ್ರು, ಡಾಕ್ಟರಮ್ಮ, ಹೀಗೆ. ಎಲ್ಲರಿಗೂ ಒಂದೇ ಥರದ ಚಡ್ಡಿ, ಕೂರೋ ಜಾಗಕ್ಕೆ ಒಳಗೆ ಮೆತ್ತೆ ಇಟ್ಟು ನನ್ನ ಸೊಸೆಯೇ ಹೊಲಿದಿದ್ದಳು. ಒಬ್ಬೊಬ್ಬರನ್ನೂ ಅಂಗಡಿಗೆ ಕರೆಸಿ, "ನೆಟ್ಟಗೆ ನಿಂತ್ಕೊಳ್ಳಿ, ಉಸಿರು ಬಿಡಿ," ಅಂತ ಟೇಪು ಸುತ್ತಿ ಅಳತೆ ತಗೊಂಡಿದ್ದಳು. ಇಪ್ಪತ್ತೈದು ವರ್ಷದಿಂದ ಅವಳು ಅಳತೆ ತಗೊಳ್ಳೋದೇ ಹಾಗೆ. ಹೊರಡೋ ಬೆಳಗ್ಗೆ ಸಾಲಾಗಿ ನಿಂತಾಗ ಕಣ್ಣು ತುಂಬೋ ಹಾಗಿತ್ತು. ಒಂದು ಸುಕ್ಕಿಲ್ಲ.

ಸುಕ್ಕಿಲ್ಲದೆ ಇದ್ದಿದ್ದು ನಿಂತಿದ್ದಾಗ. ಸೈಕಲ್ ಹತ್ತಿ ಬಗ್ಗಿದ ಮೇಲೆ ಕಥೆಯೇ ಬೇರೆ. ವ್ಯಾನಿನ ಗಾಜಿನಿಂದ ನಾನು ನೋಡ್ತಾನೇ ಇದ್ದೆ. ಹತ್ತು ಕಿಲೋಮೀಟರ್ ಆಗೋಷ್ಟರಲ್ಲಿ ಹನ್ನೆರಡೂ ಜನ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದಿದ್ದರು. ಹಿಂದೆ ಜಾರುತ್ತೆ, ಮುಂದೆ ಹೊಟ್ಟೆ ಹತ್ತಿರ ಗಂಟಾಗುತ್ತೆ, ಒಳಗಿನ ಮೆತ್ತೆ ಎಲ್ಲಿರಬೇಕೋ ಅಲ್ಲಿಲ್ಲ. ಒಂದು ಸಣ್ಣ ಏರಿನಲ್ಲಿ ಬ್ಯಾಂಕ್ ಮ್ಯಾನೇಜರು ಜೋರಾಗಿ ತುಳಿದರು, ಪರ್ರ್ ಅಂತು. ಆಮೇಲೆ ಅವರು ಎಲ್ಲರಿಗಿಂತ ಹಿಂದೇ ಉಳಿದರು, ಪಾಪ.

ಸಂಜೆ ತಂಗಿದ್ದು ಒಂದು ಶಾಲೆಯ ಹಾಲಿನಲ್ಲಿ. ಹನ್ನೊಂದು ಜನ ದೊಡ್ಡವರು ಟವೆಲ್ಲು, ಹೊದಿಕೆ ಸುತ್ತಿಕೊಂಡು ಕ್ಯೂ ನಿಂತಿದ್ದರು. ನನ್ನ ಸೊಸೆ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. "ಮಾನ ಹೋಯ್ತು," ಅಂದಳು.

"ಮಾನ ಹೋಗಿದ್ದು ಮ್ಯಾನೇಜರದ್ದು. ನಿಂದಿನ್ನೂ ಇದೆ, ಏಳು," ಅಂದೆ. ಮಗ ಸೈಕಲ್ಲನ್ನ ಅಲ್ಲಾಡದ ಹಾಗೆ ಹಿಡಿದ. ಒಬ್ಬೊಬ್ಬರೂ ಹತ್ತಿ ಬಗ್ಗಿ ಕೂತರು, ಅವಳು ಹೊಸದಾಗಿ ಅಳತೆ ತಗೊಂಡಳು. ಹಿಂದೆ ನಾಲ್ಕು ಬೆರಳು ಬಟ್ಟೆ ಸೇರಿಸಬೇಕು. ಬಟ್ಟೆ ಎಲ್ಲಿಂದ ಬರಬೇಕು? ನನ್ನ ದಿಂಬಿನ ಚೀಲದ ಕೆಂಪು ಬಟ್ಟೆ ಒಂದೇ ಇದ್ದಿದ್ದು. ಅವಳು ಕತ್ತರಿಸಿದಳು, ನಾನು ಮಷೀನು ತಿರುಗಿಸಿದೆ. ಕಪ್ಪು ಚಡ್ಡಿಗೆ ಹಿಂದೆ ಕೆಂಪು ತೇಪೆ! ಲೆಕ್ಕದ ಮೇಷ್ಟ್ರು ಹಾಕಿಕೊಂಡು ತಿರುಗಿ ತಿರುಗಿ ನೋಡಿಕೊಂಡರು. ನನಗೆ ನಗು ತಡೀಲಿಲ್ಲ.

"ಅಲ್ಲ ಕಣೇ, ನಿಂತವರ ಅಳತೆ ತಗೊಂಡು ಕೂತವರಿಗೆ ಹೊಲಿದ್ರೆ ಇನ್ನೇನಾಗುತ್ತೆ!" ಅಂದೆ.

ಅವಳ ಕತ್ತರಿ ನಿಂತುಬಿಟ್ಟಿತು. ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಅತ್ತೆ, ನಿಮ್ಮ ಮೆತ್ತೆಗೆ ನಾನು ಅಳತೆ ತಗೊಂಡಿದ್ದು ಹೇಗೆ?"

ನಾನು ಮಷೀನಿನ ಹಿಡಿ ತಿರುಗಿಸ್ತಾನೇ ಇದ್ದೆ.

"ಕೂರಿಸಿ ತಾನೆ? ಸ್ಟೂಲ್ ಮೇಲೆ ಕಾಲು ಚಾಚಿಸಿ. ನಿಂತಾಗ ಭಾರವೆಲ್ಲ ಕೆಳಗೆ ಬೀಳುತ್ತೆ, ಮಾಂಸ ಅಗಲ ಆಗುತ್ತೆ. ನಿಂತ್ರೆ ನೋಯ್ತಿತ್ತಾ?"

"ಸ್ವಲ್ಪ."

"ಎಷ್ಟು ಸ್ವಲ್ಪ?"

"ಕೆಂಡ ಇಟ್ಟ ಹಾಗೆ."

ಅವಳಿಗೆ ಬಂದ ಸಿಟ್ಟು ನೋಡಬೇಕಿತ್ತು ನೀವು. "ಉಪ್ಪು ಒಂದು ಚಿಟಿಕೆ ಹೆಚ್ಚಾದ್ರೆ ಬೀದಿಗೆಲ್ಲ ಕೇಳಿಸೋ ಹಾಗೆ ಹೇಳ್ತೀರಿ. ನಾನು ಬಾಗಿಲು ಜೋರಾಗಿ ಹಾಕಿದ್ರೆ ಮೂರು ದಿನ ಹೇಳ್ತೀರಿ. ಇದೊಂದನ್ನ ಹೇಳೋಕೆ ನಿಮಗೆ ಬಾಯಿರಲಿಲ್ವಾ?"

ಇರಲಿಲ್ಲ. ನಿಜವಾಗಿ ಇರಲಿಲ್ಲ. ಮೂರು ದಿನ ಕೂತು ಹೊಲಿದಿದ್ದಳಲ್ಲ, ಅಂಚಿಗೆ ಮಗುವಿನ ಬಟ್ಟೆಗೆ ಹಾಕೋ ಅಂಥ ಮೃದು ಹೊಲಿಗೆ ಹಾಕಿದ್ದಳಲ್ಲ. ಮಿಕ್ಕಿದ್ದಕ್ಕೆಲ್ಲ ಬೈಬಹುದು, ಅದಕ್ಕೆ ಹೇಗೆ ಬೈಲಿ? ಕಾಲೇ ಬೇಡ ಅನ್ನೋದು ಸುಲಭ ಅನ್ನಿಸಿತು. ಇದನ್ನೆಲ್ಲ ಆವತ್ತು ಹಾಗೇ ಹೇಳಿಬಿಟ್ಟೆ. ಅವಳು ಅತ್ತಳು, ನಾನೂ ಅತ್ತೆ. ಟವೆಲ್ ಸುತ್ತಿಕೊಂಡು ಕಾಯ್ತಿದ್ದ ಬೇಕರಿಯವನು, "ಅಮ್ಮಾ, ನನ್ನ ಚಡ್ಡಿ?" ಅಂತ ಕೇಳಿದ ಮೇಲೆ ಇಬ್ಬರೂ ಮೂಗು ಒರೆಸಿಕೊಂಡು ಕೆಲಸ ಮುಂದುವರಿಸಿದೆವು.

ಎರಡನೇ ದಿನ ಚಡ್ಡಿಗಳು ಅಂಟಿಸಿದ ಹಾಗೆ ಕೂತಿದ್ದವು. ದಾರಿಯ ಜನ ಕೆಂಪು ತೇಪೆಯೇ ತಂಡದ ಗುರುತು ಅಂದುಕೊಂಡು ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ದಾಟಿತು, ಇವಳು ವ್ಯಾನ್ ಕಡೆ ತಿರುಗಿಯೂ ನೋಡಲಿಲ್ಲ. ಬಾಳೆಹಣ್ಣು ಇಸ್ಕೊಳ್ಳೋಕೆ ಕಿಟಕಿ ಪಕ್ಕ ಬಂದಾಗ, "ಹತ್ತೀಯೇನು?" ಅಂತ ಕೆಣಕಿದೆ. "ಸಿಪ್ಪೆ ಇಟ್ಕೊಳ್ಳಿ," ಅಂತ ಕೈಗೆ ಕೊಟ್ಟು ಹೋದಳು.

ಸಂಜೆ ಕಾಲನ್ನ ಹೊರಗೆ ತೆಗೆದಳು. ಅದನ್ನ ನನಗೆ ಹಾಕಿ, ಡಾಕ್ಟರಮ್ಮ ಒಂದು ಕಡೆ, ಮಗ ಒಂದು ಕಡೆ ಹಿಡಿದು ನಿಲ್ಲಿಸಿದರು. ವ್ಯಾನಿನ ಬಾಗಿಲು ಗಟ್ಟಿಯಾಗಿ ಹಿಡ್ಕೊಂಡೆ. ಸೊಸೆ ನೆಲದ ಮೇಲೆ ಕೂತು ಟೇಪು ಸುತ್ತಿ, ನಾನು ಹಲ್ಲು ಕಚ್ಚಿಕೊಂಡು ತೋರಿಸಿದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಮೂರನೇ ದಿನ ಸಂಜೆಗೆ ಹೊಸ ಮೆತ್ತೆ ತಯಾರಾಯ್ತು.

"ಹಾಕಿ ನೋಡೋಣ," ಅಂದಳು.

"ಪಂದ್ಯ ಪಂದ್ಯವೇ. ನೀನು ಮುಗಿಸು, ಆಮೇಲೆ," ಅಂದೆ. ಬಾಯಲ್ಲಿ ಪಂದ್ಯ, ಹೊಟ್ಟೆಯಲ್ಲಿ ಹೆದರಿಕೆ. ಇದೂ ನೋಯಿಸಿದ್ರೆ? ಹಳೇ ಮೆತ್ತೆಯ ತಪ್ಪು ಅನ್ನೋ ಆಸೆಯಾದರೂ ಇತ್ತು. ಇದೂ ಆಗದಿದ್ದರೆ ಆ ಆಸೆಯೂ ಹೋಯ್ತು, ಗಾಲಿಕುರ್ಚಿಯೇ ಗತಿ.

ನಾಲ್ಕನೇ ದಿನ ಕೊನೆಯಲ್ಲೊಂದು ಏರು. ಅದನ್ನ ಹತ್ತಿ ಇಳಿದರೆ ಮುಗೀತು, ಎರಡೇ ಕಿಲೋಮೀಟರ್. ಮಿಕ್ಕವರೆಲ್ಲ ಹೋಗಿಯಾಗಿತ್ತು. ನನ್ನ ಸೊಸೆ ಏರಿನ ಅರ್ಧದಲ್ಲಿ ಇಳಿದಳು. ಸೈಕಲ್ಲನ್ನ ಕಲ್ಲಿಗೆ ಒರಗಿಸಿ ಕುಂಟುತ್ತಾ ವ್ಯಾನಿನ ಹತ್ತಿರ ಬಂದಳು. ಮುಖ ಬಿಳಿಚಿಕೊಂಡಿತ್ತು, ಮೀನಖಂಡ ಹಿಡ್ಕೊಂಡಿತ್ತು.

"ಅತ್ತೆ, ಆಗಲ್ಲ. ನೀವೇ ಗೆದ್ರಿ, ಬಾಗಿಲು ತೆಗೀರಿ," ಅಂದಳು.

ಈ ಮಾತು ಕೇಳೋಕೆ ನಾನು ನಾಲ್ಕು ದಿನದಿಂದ ಕಾದಿದ್ದೆ. ಕೇಳಿದ ಕೂಡಲೇ ಪಕ್ಕದಲ್ಲಿದ್ದ ಕಾಲನ್ನ ಎತ್ತಿ ಖಾಲಿ ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿದೆ.

"ಜಾಗ ಇಲ್ಲ."

"ಅಮ್ಮಾ!" ಅಂದ ಮಗ.

"ನೀನು ಸುಮ್ನಿರೋ, ರಸ್ತೆ ನೋಡು." ಆಮೇಲೆ ಅವಳಿಗೆ ಹೇಳಿದೆ, "ಯಾರಿಗೆ ಬೇಕೇ ಈ ಗೆಲುವು? ನೀನು ಈಗ ಹತ್ತಿದ್ರೆ ಈ ಕಾಲು ವಾಪಸ್ ಬೀರು ಸೇರುತ್ತೆ. ನನಗಾಗಿ ನಾನೇ ಹಾಕ್ಕೊಳ್ಳೋ ಧೈರ್ಯ ನನಗಿಲ್ಲ. ನೀನು ಸೋಲಿಸಿದ್ರೆ ಮಾತ್ರ ಹಾಕ್ಕೊಳ್ತೀನಿ. ತುಳಿಯೋಕಾಗದಿದ್ರೆ ತಳ್ಳು. ತಳ್ಳಬಾರದು ಅಂತ ಯಾರಾದ್ರೂ ಹೇಳಿದ್ದಾರಾ?"

ಅವಳು ನನ್ನನ್ನೇ ನೋಡಿದಳು. ಬಾಟಲಿ ನೀರು ಅರ್ಧ ಕುಡಿದು ಅರ್ಧ ತಲೆ ಮೇಲೆ ಸುರ್ಕೊಂಡಳು. ಆಮೇಲೆ ಹೋಗಿ ಸೈಕಲ್ ಹಿಡಿದು ತಳ್ಳೋಕೆ ಶುರು ಮಾಡಿದಳು. ಏರಿನ ತುದಿವರೆಗೂ ನಾವು ಅವಳ ಹಿಂದೆ ಆಮೆ ಥರ ಬಂದೆವು. ಅಲ್ಲಿ ಅವಳು ಸೈಕಲ್ ಹತ್ತಿದಳು, ಇಳಿಜಾರು ಅವಳನ್ನ ಎತ್ತಿಕೊಂಡು ಹೋಯ್ತು. ನಾನು ಮಗನ ಭುಜಕ್ಕೆ ಹೊಡೆದೆ. "ಮುಂದೆ ಹೋಗೋ, ಬೇಗ!"

ಕೇಂದ್ರದ ಗೇಟಿನ ಮುಂದೆ ಬಿಳಿ ಗೆರೆ ಎಳೆದಿದ್ದರು. ಕೆಂಪು ತೇಪೆಯವರೆಲ್ಲ ಅಲ್ಲೇ ನಿಂತಿದ್ದರು. ಡಾಕ್ಟರಮ್ಮ ಓಡಿ ಬಂದರು, ವ್ಯಾನಿನಲ್ಲೇ ಕಾಲು ಕಟ್ಟಿದರು. ನಾನು ಬಾಗಿಲು ಹಿಡ್ಕೊಂಡು ಇಳಿದು ನಿಂತೆ. ಉಸಿರು ಹಿಡಿದು ಕಾದೆ, ಕೆಂಡ ಬರಲಿಲ್ಲ. ಮಗನ ತೋಳು ಹಿಡಿದು ಒಂದು ಹೆಜ್ಜೆ ಇಟ್ಟೆ, ಇನ್ನೊಂದು ಇಟ್ಟೆ. ಹನ್ನೊಂದು ಹೆಜ್ಜೆಗೆ ಗೆರೆ ಬಂತು. ಮೇಷ್ಟ್ರು ಎಣಿಸಿದ್ದರಂತೆ.

ಅವಳು ಬಂದಳು. ಗೆರೆ ದಾಟಿ, ಸೈಕಲ್ಲನ್ನ ಹಾಗೇ ನೆಲಕ್ಕೆ ಬಿಟ್ಟು ನನ್ನ ಮುಂದೆ ನಿಂತಳು. ಎಷ್ಟೋ ತಿಂಗಳ ಮೇಲೆ ನಾವಿಬ್ಬರೂ ಎದುರುಬದುರು ನಿಂತಿದ್ದೆವು. ಅವಳು ನನಗಿಂತ ಕುಳ್ಳಿ, ಮರೆತೇಬಿಟ್ಟಿದ್ದೆ. ಅಪ್ಪಿಕೊಳ್ತಾಳೆ ಅಂದುಕೊಂಡೆ. ಅವಳು ಅಷ್ಟು ಜನರ ಮುಂದೆ ರಸ್ತೆಯಲ್ಲೇ ಮಂಡಿಯೂರಿ ಕೂತು, ನನ್ನ ಕಾಲಿನ ಅಂಚಿಗೆ ಬೆರಳು ತೂರಿಸಿ ತಲೆ ಎತ್ತಿದಳು.

"ನಿಜ ಹೇಳಿ ಅತ್ತೆ. ಎಲ್ಲಿ ನೋಯ್ತಿದೆ?"

"ಹೊರಗಡೆ, ಮೇಲೆ. ಅರ್ಧ ಇಂಚು ಬಿಡಬೇಕಿತ್ತು ಕಣೇ," ಅಂತ ಬೀದಿಗೆಲ್ಲ ಕೇಳಿಸೋ ಹಾಗೆ ಹೇಳಿದೆ.